ನಾಲ್ಕನೆಯ ಜೆಟ್ಟಿನ ಬಲಮಗ್ಗುಲು

೧.

ಈ ಕಥೆಯನ್ನು ವಿಮಾನದಿಂದ ಶುರುಮಾಡುವುದೋ, ಹಲ್ಲಿನಿಂದ ಶುರುಮಾಡುವುದೋ? ನನಗಿನ್ನೂ ಗೊತ್ತಾಗಿಲ್ಲ. ಗೊತ್ತಾಗುವ ತನಕ ಕಾಯುತ್ತ ಕೂತರೆ ನೀವು ಎದ್ದು ಹೋಗುತ್ತೀರಿ. ಆದ್ದರಿಂದ ಎರಡನ್ನೂ ಬರೆದು ತೋರಿಸುತ್ತೇನೆ.

ವಿಮಾನದಿಂದ: 'ಆಕಾಶ ತಿಳಿಯಾಗಿತ್ತು. ರನ್‌ವೇಯ ತುದಿಯಲ್ಲಿ ಬೆಳ್ಳಗಿನ ಜೆಟ್ಟೊಂದು ಹಾರಲು ಸಿದ್ಧವಾಗಿ ನಿಂತಿತ್ತು.' ಇದರಲ್ಲಿ ಗಾಂಭೀರ್ಯವಿದೆ. ತೊಂದರೆ ಏನೆಂದರೆ ಆ ಜೆಟ್ಟು ಕಂಪ್ಯೂಟರಿನೊಳಗಿನದು, ಆಕಾಶವೂ ಕಂಪ್ಯೂಟರಿನದೇ, ಹಾರಿಸಬೇಕಾದ ಪೈಲಟ್ಟು ಬನಿಯನ್ ತೊಟ್ಟು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದಾನೆ.

ಹಲ್ಲಿನಿಂದ: 'ಅಡುಗೆಮನೆಯ ಕಟ್ಟೆಯ ಮೇಲೆ ಗಾಜಿನ ಲೋಟ, ಲೋಟದಲ್ಲಿ ನೀರು, ನೀರಿನಲ್ಲಿ ಅತ್ತೆಯ ಹಲ್ಲಿನ ಸೆಟ್ಟು.' ಇದು ಅಪ್ಪಟ ಸತ್ಯ. ಆದರೆ ಊಟ ಮಾಡುತ್ತ ಓದುವ ಅಭ್ಯಾಸ ನಿಮಗಿದ್ದರೆ ನನಗೆ ಶಾಪ ಹಾಕುತ್ತೀರಿ.

(ಮೂರನೆಯ ಆರಂಭವೂ ಒಂದಿತ್ತು. ಅದರಲ್ಲಿ ಮಳೆ ಬರುತ್ತಿತ್ತು. ಏನೂ ತೋಚದಿದ್ದಾಗ ನಾನು ಮಳೆ ಬರಿಸುತ್ತೇನೆ. ಅದನ್ನು ಹರಿದು ಹಾಕಿದ್ದೇನೆ.)

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನನಗೂ ವಿಮಾನಕ್ಕೂ ಎಣ್ಣೆ ಸೀಗೆಕಾಯಿ. ಹತ್ತಿದ್ದು ಒಂದೇ ಸಲ, ಅದೂ ನಡುದಾರಿಯ ಪಕ್ಕದ ಸೀಟಿನಲ್ಲಿ, ಕಣ್ಣು ಮುಚ್ಚಿಕೊಂಡು. ಅಂಥವನು ವಿಮಾನದ ಕಥೆ ಬರೆಯಲು ಕೂತಿದ್ದೇನೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಎಲ್ಲಾದರೂ ಕಥೆ ಎಡವಿದರೆ ನಾನೂ ವಸ್ತುವಿನ ಮೇಲೆ ತಪ್ಪು ಹೊರಿಸುತ್ತೇನೆ.

೨.

ಅವನನ್ನು ಹಲ್ಲಿನವನು ಎನ್ನೋಣ. ಅವನ ಗೆಳೆಯರ ಕೂಟದಲ್ಲಿ ಅವನಿಗೆ ಅದೇ ಹೆಸರು. ದಂತವೈದ್ಯರಿಗೆ ಕೃತಕ ಹಲ್ಲು ಮಾಡಿಕೊಡುವುದು ಅವನ ಕಸುಬು. ಕ್ಲಿನಿಕ್ಕಿನ ಹಿಂಬದಿಯಲ್ಲಿ ಒಂದು ಚಿಕ್ಕ ಕೋಣೆ, ಮೇಜಿನ ತುಂಬ ಮೇಣ, ಎಲ್ಲದರ ಮೇಲೂ ಪ್ಲಾಸ್ಟರಿನ ಪುಡಿ. ಗೋಡೆಯ ಹಲಗೆಗಳ ಮೇಲೆ ಊರಿನವರ ದವಡೆಗಳ ಅಚ್ಚು ಸಾಲಾಗಿ ಬಾಯಿ ತೆರೆದುಕೊಂಡು ಕೂತಿರುತ್ತವೆ. ಬಿಳಿ ಎಂದು ನೀವು ನಾವು ಒಂದೇ ಮಾತಿನಲ್ಲಿ ಮುಗಿಸುವ ಬಣ್ಣದಲ್ಲಿ ಅವನು ಹತ್ತಾರು ಬಗೆ ಕಾಣುತ್ತಾನೆ.

ಮಿಕ್ಕ ಹೊತ್ತಿನಲ್ಲಿ ಅವನು ವಿಮಾನ ಮಾಡುತ್ತಾನೆ. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ (ಮೊನ್ನೆ ಮೊನ್ನೆಯವರೆಗೆ ನನಗೂ ಗೊತ್ತಿರಲಿಲ್ಲ): ಲೋಕದಲ್ಲಿ ಕೆಲವರು ಮನೆಯಲ್ಲೇ ಕಂಪ್ಯೂಟರಿನ ಮುಂದೆ ಕೂತು ವಿಮಾನ ಹಾರಿಸುತ್ತಾರೆ. ಅದನ್ನು ಆಟ ಎಂದರೆ ಅವರಿಗೆ ಮೂಗಿನ ತುದಿಯಲ್ಲಿ ಸಿಟ್ಟು, ಸಿಮ್ಯುಲೇಶನ್ ಎನ್ನಬೇಕು. ನಿಜವಾದ ವಿಮಾನಕ್ಕೆ ಎಷ್ಟು ಹೊತ್ತು ಬೇಕೋ ಇವರಿಗೂ ಅಷ್ಟೇ ಹೊತ್ತು ಬೇಕು. ಭಾನುವಾರ ಊಟ ಮುಗಿಸಿ ಹೊರಟವರು ಸಂಜೆಗೆ ಇಳಿಯುತ್ತಾರೆ. ಇಳಿದು ನೋಡಿದರೆ ಅದೇ ಮನೆ, ಅದೇ ಹೆಂಡತಿ, ತೊಳೆಯದೆ ಬಿದ್ದಿರುವ ಅದೇ ಪಾತ್ರೆ.

ಹಾರಿಸುವವರಿಗೆ ವಿಮಾನ ಬೇಕಲ್ಲ, ಅದನ್ನು ಮಾಡಿಕೊಡುವವರು ಹಲ್ಲಿನವನಂಥವರು. ಯಾವತ್ತೋ ಮುಚ್ಚಿಹೋದ ಒಂದು ವಿಮಾನ ಕಂಪನಿಯ ಮೊಟ್ಟಮೊದಲ ನಾಲ್ಕು ಜೆಟ್ಟುಗಳಿಗೆ ಅವನ ಕೂಟ ಕೈಹಾಕಿತ್ತು. ಒಂದರ ಮೂಗಿನ ಮೇಲೆ ತಗಡಿನ ತೇಪೆ, ಇನ್ನೊಂದರ ಹೊಟ್ಟೆಯಡಿ ಎಣ್ಣೆ ಸೋರಿದ ಕಲೆ, ಮತ್ತೊಂದರ ಬಾಲಕ್ಕೆ ಬಳಿದ ಬಣ್ಣ ಅರ್ಧಕ್ಕೇ ಮಾಸಿದ್ದು. ಅವುಗಳ ಲೋಹ ಈಗ ಯಾರ ಮನೆಯಲ್ಲಿ ಬಾಣಲೆಯಾಗಿದೆಯೋ ದೇವರಿಗೇ ಗೊತ್ತು. ಹಳೆಯ ಫೋಟೋಗಳನ್ನು ಕಣ್ಣಿಗೆ ಹತ್ತಿರ ಹಿಡಿದು, ತೇಪೆಗೆ ತೇಪೆ, ಕಲೆಗೆ ಕಲೆ ಕೂಡಿಸಿ ಹಲ್ಲಿನವನು ಮೂರನ್ನು ಮುಗಿಸಿದ್ದ. ನಾಲ್ಕನೆಯದು ಬಾಕಿಯಿತ್ತು. ಅದೊಂದು ಆದರೆ ಇಡೀ ಫ್ಲೀಟು ಮತ್ತೆ ಹಾರುತ್ತದೆ. ಅದಕ್ಕಾಗಿ ಜಗತ್ತಿನ ಎಲ್ಲೆಲ್ಲಿಂದಲೋ ಜನ ಕಾದು ಕೂತಿದ್ದರು. (ಎಲ್ಲೆಲ್ಲಿಂದಲೋ ಎಂದರೆ ಒಟ್ಟು ನಲವತ್ತು ಜನ ಇರಬಹುದು. ನನ್ನ ಕಥೆ ಓದುವವರಿಗಿಂತ ಜಾಸ್ತಿಯೇ.)

೨. (ತಿದ್ದಿದ್ದು)

ಮೇಲೆ 'ರೆಕ್ಕೆಯ ಕೆಳಗೆ ಎಂಜಿನ್ನುಗಳು ಮೊರೆಯುತ್ತಿದ್ದವು' ಎಂದೊಂದು ವಾಕ್ಯ ಬರೆದಿದ್ದೆ. ಹಲ್ಲಿನವನು ತಕ್ಷಣ ಬಾಯಿ ಹಾಕಿದ.

"ರೆಕ್ಕೆ ಕೆಳಗೆ ಏನೂ ಇಲ್ಲ ಸಾರ್. ಇದರಲ್ಲಿ ಎರಡೂ ಎಂಜಿನ್ ಬಾಲದ ಹತ್ರ."

"ಓದೋರಿಗೆ ಅದೆಲ್ಲ ಎಲ್ಲಪ್ಪ ಗೊತ್ತಾಗುತ್ತೆ?"

"ಗೊತ್ತಾಗೋನು ಒಬ್ಬ ಇದ್ದೇ ಇರ್ತಾನೆ ಸಾರ್. ಆ ಒಬ್ಬನಿಗೋಸ್ಕರವೇ ನಾವು ಇಷ್ಟು ಒದ್ದಾಡೋದು."

ಆ ವಾಕ್ಯವನ್ನು ತೆಗೆದಿದ್ದೇನೆ. ನನ್ನ ಇಷ್ಟು ವರ್ಷದ ಬರವಣಿಗೆಯಲ್ಲಿ ಅಂಥ ಒಬ್ಬ ಓದುಗನಿಗೆ ನಾನು ಹೆದರಿದ್ದೇ ಇಲ್ಲ, ಹೆದರಬೇಕಿತ್ತು ಎಂದು ಈಗ ಅನಿಸುತ್ತದೆ.

೩.

ಅತ್ತೆ ಎಂದರೆ ಹಲ್ಲಿನವನ ಅಪ್ಪನ ತಂಗಿ. ಅವನಿಗೆ ಹಾಲುಹಲ್ಲು ಬೀಳುವ ವಯಸ್ಸಿನಲ್ಲಿ ಅಮ್ಮ ತೀರಿಹೋದಳು, ಸಾಕಿದ್ದು ಅತ್ತೆ. ಮದುವೆಯಾಗಲಿಲ್ಲ. ಈಗ ಅವನ ಜೊತೆ, ಅವನ ಹೆಂಡತಿಯ ಜೊತೆ ಇದ್ದಾಳೆ. ಆ ನಾಲ್ಕು ಜೆಟ್ಟುಗಳಲ್ಲಿ, ಅದರಲ್ಲೂ ಹೆಚ್ಚಾಗಿ ನಾಲ್ಕನೆಯದರಲ್ಲಿ, ಅವಳು ಗಗನಸಖಿಯಾಗಿದ್ದವಳು.

ಗಗನಸಖಿ ಎಂಬ ಮಾತು ಕೇಳಿದರೆ ಅತ್ತೆಗೆ ನಗು. "ಗಗನವೂ ಇಲ್ಲ, ಸಖಿಯೂ ಇಲ್ಲ. ತಟ್ಟೆ ಕೊಡು, ತಟ್ಟೆ ತಗೋ, ವಾಂತಿ ಒರೆಸು, ಅಷ್ಟೇ" ಎನ್ನುತ್ತಾಳೆ. ಆ ಕೆಲಸ ಬಿಟ್ಟು ಒಂದು ಕಾಲವಾಯಿತು, ಕೈಯ ಚಾಳಿ ಹೋಗಿಲ್ಲ. ಅಡುಗೆಮನೆಯ ಒಂದೊಂದು ಕಪಾಟಿಗೂ ಚಿಲಕ ಹಾಕಿಸಿದ್ದಾಳೆ, ಹಾಕಿದ ಮೇಲೆ ಅಂಗೈಯಲ್ಲಿ ಒತ್ತಿ ನೋಡುತ್ತಾಳೆ. ಮನೆ ಎಲ್ಲಿಗೂ ಹಾರುವುದಿಲ್ಲ ಎಂದು ಹಲ್ಲಿನವನ ಹೆಂಡತಿ ಎಷ್ಟು ಹೇಳಿದರೂ ಕೇಳುವುದಿಲ್ಲ.

ಹುಡುಗನಾಗಿದ್ದಾಗ ಹಲ್ಲಿನವನು ಊಟಕ್ಕೆ ಮಹಾ ಹಟಮಾರಿ. ಒಂದು ತುತ್ತು ಒಳಗೆ ಹೋಗಬೇಕಾದರೆ ಅತ್ತೆ ಆಕಾಶದ ಕಥೆ ಹೇಳಬೇಕು. ಮೇಲಿನಿಂದ ನೋಡಿದರೆ ಮೋಡ ಹತ್ತಿ ಹಾಸಿದ ಹಾಗೆ ಕಾಣುತ್ತದೆ. ಅದರ ಮೇಲೆ ನಮ್ಮ ವಿಮಾನದ ನೆರಳು ಇರುವೆಯಷ್ಟಾಗಿ ಓಡುತ್ತಿರುತ್ತದೆ. ಆ ನೆರಳಿನ ಸುತ್ತ ಕಾಮನಬಿಲ್ಲು ಬಳೆಯ ಹಾಗೆ ದುಂಡಗೆ ಸುತ್ತಿಕೊಂಡಿರುತ್ತದೆ. ದುಂಡನೆಯ ಕಾಮನಬಿಲ್ಲು! ಆ ಬಳೆಗಾಗಿ ಅವನು ಎಷ್ಟು ತುತ್ತು ನುಂಗಿದನೋ ಲೆಕ್ಕವಿಲ್ಲ. ದೊಡ್ಡವನಾಗಿ ಈ ವಿಮಾನದ ಹುಚ್ಚಿಗೆ ಬಿದ್ದದ್ದೂ ಅದರಿಂದಲೇ. ಈ ಬಳೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. (ನೆನಪಿಟ್ಟುಕೊಳ್ಳಿ ಎಂದು ಬಾಯಿಬಿಟ್ಟು ಕೇಳುವ ಕಥೆಗಾರ ಕೈಲಾಗದವನು. ನನಗೂ ಗೊತ್ತು.)

ಇನ್ನು ಹಲ್ಲು. ಅತ್ತೆಯ ಹಲ್ಲು ಉದುರಿದಾಗ ಅವಳ ಸೆಟ್ಟನ್ನು ಮಾಡಿದವನು ಇವನೇ. ಯೂನಿಫಾರ್ಮಿನಲ್ಲಿ ತೆಗೆಸಿಕೊಂಡ ಹಳೆಯ ಫೋಟೋದಲ್ಲಿ ಅವಳ ಮುಂದಿನ ಒಂದು ಹಲ್ಲು ಚೂರು ಓರೆಯಾಗಿದೆ. ಅದನ್ನು ನೋಡಿ ಇವನು ಸೆಟ್ಟಿನಲ್ಲೂ ಆ ಹಲ್ಲನ್ನು ಅಷ್ಟೇ ಓರೆಯಾಗಿ ಕೂಡಿಸಿದ್ದ. ಕನ್ನಡಿಯಲ್ಲಿ ನೋಡಿಕೊಂಡು ಅತ್ತೆ ಬಹಳ ಹೊತ್ತು ನಕ್ಕಿದ್ದಳು.

೪.

ಹಳೆಯ ಫೋಟೋಗಳದ್ದು ಒಂದು ಪೀಕಲಾಟವಿದೆ. ಜನ ವಿಮಾನ ಹತ್ತುವುದು ಎಡಗಡೆಯಿಂದ. ಬೀಳ್ಕೊಡಲು ಬಂದವರು, ಫೋಟೋ ಹೊಡೆಯುವವರು ಎಲ್ಲರೂ ನಿಲ್ಲುವುದು ಆ ಕಡೆಯೇ. ಬಲಗಡೆ ನಿಲ್ಲುವುದು ಊಟದ ಗಾಡಿ, ಕಸದ ಗಾಡಿ, ಇಂಧನದ ಪೈಪು. ಅದರ ಫೋಟೋ ಯಾರಿಗೆ ಬೇಕು? ಮೊದಲ ಮೂರು ಜೆಟ್ಟುಗಳ ಬಲಮಗ್ಗುಲು ಹೇಗೋ ಸಿಕ್ಕಿತ್ತು. ನಾಲ್ಕನೆಯದು ಇನ್ಯಾರಿಂದಲೋ ಕೊಂಡ ಸೆಕೆಂಡ್ ಹ್ಯಾಂಡ್ ಮಾಲು, ಅದರ ಕಿಟಕಿಗಳ ಸಾಲೇ ಬೇರೆ. ಅದರ ಬಲಗಡೆಯ ಒಂದೇ ಒಂದು ಫೋಟೋ ಎಲ್ಲಿಯೂ ಇರಲಿಲ್ಲ.

ಹಲ್ಲಿನವನು ತನ್ನ ಕಸುಬಿನ ಬುದ್ಧಿ ಓಡಿಸಿದ. ಬಲಗಡೆಯ ಹಲ್ಲು ಬಿದ್ದವರು ಬಂದರೆ ಅವನು ಎಡಗಡೆಯ ಹಲ್ಲನ್ನು ನೋಡಿ, ಅದನ್ನೇ ಮಗುಚಿ ಮಾಡುತ್ತಾನೆ. ಇಷ್ಟು ವರ್ಷದಲ್ಲಿ ಯಾರೂ ತಕರಾರು ಮಾಡಿಲ್ಲ. ಹಾಗೆಯೇ ಜೆಟ್ಟಿನ ಎಡಮಗ್ಗುಲನ್ನು ಕನ್ನಡಿಯಲ್ಲಿ ಹಿಡಿದ ಹಾಗೆ ತಿರುಗಿಸಿ ಬಲಕ್ಕೆ ಅಂಟಿಸಿದ. ಅಕ್ಷರಗಳನ್ನು ಮಾತ್ರ ನೆಟ್ಟಗೆ ಮಾಡಿದ.

ಒಂದು ಭಾನುವಾರ ಮಧ್ಯಾಹ್ನ ಅತ್ತೆಯನ್ನು ಕರೆದು ಕಂಪ್ಯೂಟರಿನ ಮುಂದೆ ಕೂರಿಸಿದ. ಕೂಟದ ಗೆಳೆಯರೆಲ್ಲ ಸ್ಪೀಕರಿನಲ್ಲಿ ಇದ್ದರು. ಅವರಲ್ಲಿ ಮುಖ್ಯನಾದವನು ಮೂಗಣ್ಣ. ಪ್ರತಿ ಸಲವೂ ವಿಮಾನದ ಮೂಗನ್ನು ನೆಲಕ್ಕೆ ಜಜ್ಜಿಯೇ ಇಳಿಸುವುದರಿಂದ ಆ ಹೆಸರು. ಪರದೆಯ ಮೇಲೆ ಎಡಮಗ್ಗುಲು ಬಂದದ್ದೇ ಅತ್ತೆ ಚಪ್ಪಾಳೆ ತಟ್ಟಿದಳು. "ಇವಳೇ ಕಣೋ! ಇವಳೇ!" ಹಲ್ಲಿನವನು ಹಿಗ್ಗಿ ಹೀರೇಕಾಯಿಯಾಗಿ ವಿಮಾನವನ್ನು ನಿಧಾನವಾಗಿ ತಿರುಗಿಸಿದ. ಬಲಮಗ್ಗುಲು ಬಂತು.

"ಹಿಂದುಗಡೆ ಇದೇನೋ ಇದು?"

"ಕಿಟಕಿ ಅತ್ತೆ."

"ಅಲ್ಲಿ ಕಿಟಕಿ ಇರಲಿಲ್ಲ."

"ಆ ಕಡೆ ಇದೆಯಲ್ಲ ಅತ್ತೆ. ಅದಕ್ಕೆ ಸರಿಯಾಗಿ ಈ ಕಡೆಯೂ ಇರುತ್ತೆ."

"ಆ ಕಡೆ ಇರೋದು ಪ್ಯಾಸೆಂಜರ್ ಕೂರೋ ಜಾಗ. ಈ ಕಡೆ ನಮ್ಮ ಪ್ಯಾಂಟ್ರಿ. ಅಲ್ಲಿ ಕಿಟಕಿ ಇರಲಿಲ್ಲ ಕಣೋ. ಅಲ್ಲಿ ನಾನಿದ್ದೆ."

ಸ್ಪೀಕರಿನಲ್ಲಿ ಯಾರೋ ಗಂಟಲು ಸರಿಮಾಡಿಕೊಂಡರು. ಮೂಗಣ್ಣ ಕೇಳಿದ: "ಅಮ್ಮಾ, ಆ ಕಿಟಕಿ ಸಾಲಿನ ಪಟ್ಟಿ ಯಾವ ಬಣ್ಣ ಇತ್ತು, ಜ್ಞಾಪಕ ಇದೆಯಾ?"

"ಹಸಿರು" ಎಂದಳು ಅತ್ತೆ, ಒಂದು ಕ್ಷಣವೂ ಯೋಚಿಸದೆ.

ಎಲ್ಲರೂ ನಕ್ಕರು. ಪಟ್ಟಿ ನೀಲಿ. ಸಿಕ್ಕ ಬಣ್ಣದ ಫೋಟೋಗಳಲ್ಲೆಲ್ಲ ನೀಲಿಯೇ. ಹಲ್ಲಿನವನಿಗೆ ಅವಮಾನವಾಯಿತು, ಅತ್ತೆಗೋಸ್ಕರವೋ ತನಗೋಸ್ಕರವೋ ಅವನಿಗೇ ತಿಳಿಯಲಿಲ್ಲ. "ಬಿಡ್ರೋ, ಅತ್ತೆಗೆ ವಯಸ್ಸಾಯ್ತು. ಯಾವುದನ್ನೋ ತಂದು ಯಾವುದಕ್ಕೋ ಸೇರಿಸ್ತಾಳೆ" ಎಂದುಬಿಟ್ಟ.

ಅತ್ತೆ ಎದ್ದಳು. ಕುರ್ಚಿಯನ್ನು ಸದ್ದಾಗದಂತೆ ಮೇಜಿನೊಳಕ್ಕೆ ತಳ್ಳಿ ಒಳಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಅವನು ನೀರು ಕುಡಿಯಲು ಅಡುಗೆಮನೆಗೆ ಹೋದರೆ ಕಟ್ಟೆಯ ಮೇಲೆ ಲೋಟ, ಲೋಟದಲ್ಲಿ ಹಲ್ಲು.

(ನೋಡಿ, ಕೊನೆಗೂ ಹಲ್ಲಿನ ಆರಂಭಕ್ಕೇ ಬಂದೆವು. ಸುತ್ತಿ ಬಳಸಿ ಬರುವುದು ನನ್ನ ಶೈಲಿ. ದಾರಿ ತಪ್ಪಿದ್ದು ಎಂದು ಕೆಲವರು ಹೇಳುತ್ತಾರೆ.)

೫.

ಅವಳು ಜಗಳವಾಡಲಿಲ್ಲ. ಆಡಿದ್ದರೆ ವಾಸಿಯಿತ್ತು. ಬೆಳಿಗ್ಗೆ ಎದ್ದು ಎಲ್ಲರೊಡನೆ ಮಾತಾಡುತ್ತಾಳೆ, ಗಿಡಗಳಿಗೆ ನೀರು ಹಾಕುತ್ತಾಳೆ, ಕಪಾಟುಗಳ ಚಿಲಕ ಒತ್ತಿ ನೋಡುತ್ತಾಳೆ. ಹಲ್ಲು ಮಾತ್ರ ಹಾಕಿಕೊಳ್ಳುವುದಿಲ್ಲ. ಹಾಲಿನಲ್ಲಿ ನೆನೆಸಿದ ಬ್ರೆಡ್ಡು ತಿನ್ನುತ್ತಾಳೆ.

ಹಲ್ಲಿನವನ ಹೆಂಡತಿ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು, ಯಾವುದನ್ನೂ ಮಬ್ಬಾಗಿ ಬಿಡುವುದು ಅವಳಿಗೆ ಆಗುವುದಿಲ್ಲ. "ಹೋಗಿ ತಪ್ಪಾಯ್ತು ಅನ್ನಿ" ಎಂದಳು.

"ಅಂದೆ ಕಣೇ. 'ನಂಗ್ಯಾಕಪ್ಪ ಹೇಳ್ತೀಯ, ನಂಗೆ ವಯಸ್ಸಾಗಿದೆ' ಅಂತಾಳೆ."

"ಹಾಗಾದ್ರೆ ಆ ಕಿಟಕಿ ತೆಗೆದುಹಾಕಿ. ಒಂದು ಕಿಟಕಿಗೆ ಇಷ್ಟೊಂದಾ?"

ಎರಡು ನಿಮಿಷದ ಕೆಲಸ. ಆದರೆ ಕಿಟಕಿ ಇತ್ತೋ ಇಲ್ಲವೋ ತಿಳಿಯದೆ ಅವನ ಕೈ ಓಡಲಿಲ್ಲ. ಇಟ್ಟರೆ ಅತ್ತೆಗೆ ಅನ್ಯಾಯ, ತೆಗೆದರೆ ಜೆಟ್ಟಿಗೆ ಅನ್ಯಾಯ. ಅವನಿಗೆ ಬೇಕಾದದ್ದು ಇಷ್ಟೇ: ನಾಲ್ಕನೆಯ ಜೆಟ್ಟು ಮೊದಲ ಸಲ ಹಾರುವಾಗ ಅತ್ತೆ ಪಕ್ಕದಲ್ಲಿ ಕೂತಿರಬೇಕು, ಬಾಯ್ತುಂಬ ಆ ಓರೆ ಹಲ್ಲು ಇಟ್ಟುಕೊಂಡು. ಅವಳು ಇಲ್ಲದಿದ್ದರೆ ಈ ತೇಪೆ, ಈ ಕಲೆ, ಇಷ್ಟು ವರ್ಷದ ಈ ಕೆಲಸ ಯಾರಿಗಾಗಿ? ಈ ಕಥೆಯಲ್ಲಿ ಪಣಕ್ಕಿರುವುದು ಇದೇ. ಇಷ್ಟೇನಾ ಎನ್ನಬೇಡಿ. ನಿಮ್ಮ ಮ‌ನೆಯಲ್ಲಿ ನಿಮ್ಮ ಮೇಲಿನ ಸಿಟ್ಟಿಗೆ ಯಾರಾದರೂ ಹಲ್ಲು ತೆಗೆದಿಟ್ಟಿದ್ದರೆ ಗೊತ್ತಾಗುತ್ತಿತ್ತು.

೬. (ಹರಿದದ್ದು)

ಕಥೆಗೆ ಖಾರ ಸಾಲದು ಎನಿಸಿ ನಾನಿಲ್ಲಿ ನಾಲ್ಕನೆಯ ಜೆಟ್ಟನ್ನು ಒಂದು ಬೆಟ್ಟಕ್ಕೆ ಗುದ್ದಿಸಿದೆ. ಹೊಗೆ, ಬೆಂಕಿ, ಅತ್ತೆಯೊಬ್ಬಳೇ ಬದುಕಿ ಉಳಿದದ್ದು. ಕೈ ಸರಸರ ಓಡುತ್ತಿತ್ತು. ಆಗ ಬೊಚ್ಚುಬಾಯಿಯ ಒಂದು ದನಿ ಕೇಳಿತು.

"ಯಾವನೋ ಅವನು ನನ್ನ ವಿಮಾನ ಬೀಳಿಸಿದೋನು?"

"ಅದು, ಕಥೆಗೆ ಬೇಕಿತ್ತಮ್ಮ."

"ಒಂದು ದಿನ ಬಿದ್ದಿಲ್ಲ ಅದು. ಟಯರ್ ಕೂಡ ಒಡೆದಿಲ್ಲ."

"ಹಾಗಾದ್ರೆ ಕ್ಯಾಪ್ಟನ್ ಜೊತೆ ಏನಾದ್ರೂ... ಒಂದು ಪ್ರೇಮ..."

"ಆ ಕ್ಯಾಪ್ಟನ್ನಾ? ದಿನಾ ಕಾಫಿ ಆರಿದೆ ಅಂತ ವಾಪಸ್ ಕಳಿಸ್ತಿದ್ದ, ಅವನ ಮುಖಕ್ಕಿಷ್ಟು." ಅತ್ತೆ ನನ್ನನ್ನು ಮೇಲಿಂದ ಕೆಳಕ್ಕೆ ನೋಡಿದಳು. "ಬೀಳಿಸೋದೇನು ಮಹಾ. ದಿನಾ ಏರಿಸಿ ದಿನಾ ನೆಟ್ಟಗೆ ಇಳಿಸಿದ್ದನ್ನ ಬರಿ ನೋಡೋಣ, ಕೈಲಾದ್ರೆ."

ಕೈಲಾಗುತ್ತದೋ ಇಲ್ಲವೋ ನೋಡುತ್ತಿದ್ದೇನೆ. ಬೆಟ್ಟವನ್ನು ತೆಗೆದಿದ್ದೇನೆ.

೭.

ಆ ವಾರದ ಕೊನೆಗೆ ಮೂಗಣ್ಣ ಒಂದು ಫೋಟೋ ಕಳಿಸಿದ. ವಿಮಾನದ ಫೋಟೋ ಅಲ್ಲ. ವಿಮಾನಗಳಿಗೆ ಊಟ ಸಾಗಿಸುವ ಗಾಡಿಯ ಡ್ರೈವರೊಬ್ಬ, ಹೊಸ ಗಾಡಿ ಬಂದ ಖುಷಿಗೆ, ಅದಕ್ಕೆ ಒರಗಿ ನಿಂತು ತೆಗೆಸಿಕೊಂಡದ್ದು. ಅವನ ಮೊಮ್ಮಗಳು ಎಲ್ಲೋ ಇಂಟರ್ನೆಟ್ಟಿನಲ್ಲಿ ಹಾಕಿದ್ದಳು. ಡ್ರೈವರನ ಟೋಪಿಯ ಹಿಂದೆ, ಗಾಡಿಯ ಮೇಲ್ಗಡೆ, ಬಿಸಿಲಿನಲ್ಲಿ ನಿಂತಿತ್ತು ನಾಲ್ಕನೆಯ ಜೆಟ್ಟಿನ ಬಲಮಗ್ಗುಲು.

ಕಿಟಕಿ ಇತ್ತು.

ಹಲ್ಲಿನವನು ಇಟ್ಟ ಜಾಗದಲ್ಲಿಯೇ, ಅವನು ಇಟ್ಟಷ್ಟೇ ಗಾತ್ರದ ಕಿಟಕಿ. 'ಗೆದ್ದೆ ಮಾರಾಯ, ಜೆಟ್ಟನ್ನು ಈಗಲೇ ಇಂಟರ್ನೆಟ್ಟಿಗೆ ಹಾಕಿಬಿಡು' ಎಂದು ಮೂಗಣ್ಣ ಬರೆದಿದ್ದ. ಗೆದ್ದವನು ಸೋತ, ಸೋತವನು ಸತ್ತ ಎನ್ನುತ್ತಾರಲ್ಲ, ಹಲ್ಲಿನವನಿಗೆ ಹಾಗಾಯಿತು. ಅವನು ಮೇಣದ ಮುಂದೆ ಕೂತು ಆ ದಿನ ಒಂದು ಹಲ್ಲನ್ನೂ ಮಾಡಲಿಲ್ಲ. ಗೋಡೆಯ ಮೇಲಿನ ದವಡೆಗಳೆಲ್ಲ ತನ್ನನ್ನು ನೋಡಿ ನಗುತ್ತಿವೆ ಎನಿಸಿತು.

೮.

ಇಲ್ಲಿಂದ ಮುಂದೆ ನನ್ನ ಹತ್ತಿರ ಮೂರು ಅಂತ್ಯಗಳಿವೆ. ನಿಮಗೆ ಬೇಕಾದ್ದು ತೆಗೆದುಕೊಳ್ಳಿ.

ಅಂತ್ಯ ಒಂದು. ಹಲ್ಲಿನವನು ಫೋಟೋ ಮುಚ್ಚಿಡುತ್ತಾನೆ. ಕಿಟಕಿ ತೆಗೆದು, 'ನೀನೇ ಸರಿ ಅತ್ತೆ' ಎನ್ನುತ್ತಾನೆ. ಅತ್ತೆ ಹಲ್ಲು ಹಾಕಿಕೊಂಡು ನಗುತ್ತಾಳೆ. ಸುಳ್ಳಾದರೂ ಸಿಹಿ. (ನನಗೆ ಇದೇ ಇಷ್ಟ. ಕಣ್ಣೀರು ಬರುವ ಅಂತ್ಯಕ್ಕೆ ಬೇಡಿಕೆ ಇದೆ.)

ಅಂತ್ಯ ಎರಡು. ಅವನು ಫೋಟೋ ತೋರಿಸುತ್ತಾನೆ. ಅತ್ತೆ ಸೋಲುತ್ತಾಳೆ. ಸತ್ಯ ಗೆಲ್ಲುತ್ತದೆ, ಹಲ್ಲು ಲೋಟದಲ್ಲಿಯೇ ಉಳಿಯುತ್ತದೆ.

ಅಂತ್ಯ ಮೂರು. ಅತ್ತೆ ಎಂಬುವಳು ಇರಲೇ ಇಲ್ಲ, ಹಲ್ಲಿನವನೂ ಇರಲಿಲ್ಲ, ಎಲ್ಲ ಬರೀ ಭಾಷೆ. ಇದನ್ನು ಇಟ್ಟರೆ ಯಾರಾದರೂ ವಿಮರ್ಶಕರು ಮೆಚ್ಚಬಹುದು. ಏನು ಹೇಳಿದ್ದೇನೆಂದು ಅವರೇ ಹೇಳುತ್ತಾರೆ, ನನಗೂ ಆಗ ಗೊತ್ತಾಗುತ್ತದೆ.

ಬರೆಯುವಾಗ ಗಟ್ಟಿಯಾಗಿ ಓದಿಕೊಳ್ಳುವುದು ನನ್ನ ಕೆಟ್ಟ ಚಾಳಿ. ಅತ್ತೆಯ ಹಲ್ಲು ಹೋಗಿದ್ದರೂ ಕಿವಿ ಚುರುಕು.

"ಯಾವ ಫೋಟೋ?"

ಅವಳು ಮನೆಯಲ್ಲಿ ಹಲ್ಲಿನವನ ಕಂಪ್ಯೂಟರಿನ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಅವನು ನನ್ನ ಕಡೆ ನೋಡಿದ. ನಾನು ನನ್ನ ಕಾಗದದ ಕಡೆ ನೋಡಿದೆ.

"ಸುಳ್ಳು ಹೇಳಿ ನನಗೆ ಹಲ್ಲು ಹಾಕಿಸ್ತೀರಾ ಇಬ್ಬರೂ ಸೇರಿ? ಮಗೂಗೆ ತುತ್ತು ತಿನ್ನಿಸಿದ ಹಾಗೆ? ತೋರಿಸೋ ಇಲ್ಲಿ."

ಮೂರೂ ಅಂತ್ಯಗಳು ಅಲ್ಲಿಗೆ ಮಣ್ಣುಪಾಲಾದವು.

೯.

ಹಲ್ಲಿನವನ ಹೆಂಡತಿ ಅಂಗಡಿಯಿಂದ ತಂದಿಟ್ಟಿದ್ದ ಭೂತಗನ್ನಡಿ ಕೊಟ್ಟಳು. ಅತ್ತೆ ಕಿಟಕಿಯ ಬೆಳಕಿಗೆ ಕುರ್ಚಿ ಎಳೆದುಕೊಂಡು ಫೋಟೋ ನೋಡಿದಳು. ಮೊದಲು ಡ್ರೈವರನನ್ನು. "ಇವನು! ಬ್ರೆಡ್ ಕಡಿಮೆ ಹಾಕ್ತಿದ್ದ." ಆಮೇಲೆ ಗಾಡಿಯನ್ನು. ಆಮೇಲೆ ಭೂತಗನ್ನಡಿಯನ್ನು ಗಾಡಿಯ ಮೇಲ್ಗಡೆಗೆ ಸರಿಸಿದಳು.

"ಇದೆ ಕಣೋ" ಎಂದಳು ಕೊನೆಗೆ. "ಕಿಟಕಿ ಇದೆ."

"ಬಿಡು ಅತ್ತೆ, ಎಷ್ಟು ಹಳೇ ಮಾತು..."

"ಇರು. ಕಿಟಕಿಯೊಳಗೆ ಬೆಳ್ಳಗೆ ಕಾಣ್ತಿದೆಯಲ್ಲ, ಅದೇನು ನೋಡು. ತಟ್ಟೆ. ತಟ್ಟೆ ಜೋಡಿಸೋ ಸ್ಟ್ಯಾಂಡು. ಅದನ್ನ ಅಲ್ಲಿ ಗೋಡೆಗೆ ಒತ್ತಿ ನಿಲ್ಲಿಸಿ ಚಿಲಕ ಹಾಕ್ತಿದ್ದೆ. ಏರೋಕೆ ಮುಂಚೆ ಹಾಕಿದ್ರೆ ಇಳಿದ ಮೇಲೇ ತೆಗೆಯೋದು." ಅವಳ ಅಂಗೈ ತನ್ನಷ್ಟಕ್ಕೆ ಗಾಳಿಯನ್ನು ಒತ್ತಿತು. "ಅದರ ಹಿಂದೆ ಕಿಟಕಿ ಇತ್ತು ಅಂತ ನಂಗೆ ಗೊತ್ತೇ ಇರಲಿಲ್ಲ."

"ಬೇರೆ ಕಿಟಕಿಗಳು ಇದ್ದವಲ್ಲ ಅತ್ತೆ."

"ಪ್ಯಾಸೆಂಜರ್ ಮೇಲೆ ಬಗ್ಗಿ ಹೊರಗೆ ನೋಡಬಾರದು ಅಂತ ರೂಲ್ಸು. ಆಮೇಲೆ ಹೊತ್ತಾದರೂ ಎಲ್ಲಿತ್ತು? ಬಡಿಸೋದು, ಎತ್ತೋದು, ಒರೆಸೋದು, ಅಷ್ಟರಲ್ಲಿ ಇಳಿದೇಬಿಡ್ತಿತ್ತು."

ಹಲ್ಲಿನವನು ಸುಮ್ಮನಿರಬೇಕಿತ್ತು, ಆದರೆ ಕೇಳಿಯೇಬಿಟ್ಟ. "ಮತ್ತೆ ಆ ಹತ್ತಿ? ಆ ಬಳೆ? ದುಂಡಗಿನ ಕಾಮನಬಿಲ್ಲು?"

"ಯಾರೋ ಒಬ್ಬ ಪ್ಯಾಸೆಂಜರ್ ಪಕ್ಕದವನಿಗೆ ಹೇಳ್ತಿದ್ದ. ಅವನ ಎಂಜಲು ತಟ್ಟೆ ಎತ್ತುತ್ತಾ ಕೇಳಿಸಿಕೊಂಡೆ." ಅತ್ತೆ ಭೂತಗನ್ನಡಿಯನ್ನು ಸೆರಗಿನಿಂದ ಒರೆಸಿದಳು. "ನೀನು ಬಾಯೇ ಬಿಡ್ತಿರಲಿಲ್ಲವಲ್ಲೋ, ಏನಾದ್ರೂ ಹೇಳಬೇಕಿತ್ತು."

ಹಲ್ಲಿನವನಿಗೆ ಮೊದಲು ಮೋಸಹೋದಂತಾಯಿತು. ಅವನ ಬದುಕಿನ ಅರ್ಧ ಆ ಬಳೆಯ ಹಿಂದೆ ಹೋಗಿತ್ತು. ಆಮೇಲೆ ಆ ಇಕ್ಕಟ್ಟಿನಲ್ಲಿ ತಟ್ಟೆಗಳ ಪಕ್ಕ ನಿಂತ, ಮುಂದಿನ ಹಲ್ಲು ಓರೆಯಿರುವ ಹುಡುಗಿಯೊಬ್ಬಳು ಕಣ್ಣಿಗೆ ಕಟ್ಟಿದಳು. ಅಷ್ಟು ಎತ್ತರಕ್ಕೆ ಹೋಗಿ, ಅಷ್ಟು ಸಲ ಹೋಗಿ, ಆಕಾಶಕ್ಕೆ ಬೆನ್ನು ಹಾಕಿ ಕಾಫಿ ಬಗ್ಗಿಸುತ್ತಿದ್ದಳು. ಅವನಿಗೆ ಅಳು ಬಂತು, ಅತ್ತೆಯ ಎದುರಿಗೇ ಅತ್ತ.

"ಅಯ್ಯೋ, ಇವನೊಬ್ಬ" ಎಂದಳು ಅತ್ತೆ. "ಕಿಟಕಿ ಇತ್ತು ಅಂದೆನಲ್ಲ. ಗೆದ್ದೆ ತಾನೆ? ಮತ್ತೇನು?"

೧೦.

ಹಲ್ಲಿನವನು ಜೆಟ್ಟನ್ನು ಇಂಟರ್ನೆಟ್ಟಿಗೆ ಹಾಕಲಿಲ್ಲ. ಕಾದಿದ್ದವರು ಗೊಣಗಿದರು. ಹೊರಮೈ ಆಗಿದೆ, ಕಾಕ್‌ಪಿಟ್ಟು ಆಗಿದೆ, ಇನ್ನೇನು ಬಾಕಿ ಎಂದರು. ಈ ಹವ್ಯಾಸದವರಿಗೆ ಪೈಲಟ್ಟಿನ ಬೆನ್ನ ಹಿಂದೆ ಏನಿದೆ ಎಂಬುದು ಬೇಕಿಲ್ಲ. ಅಲ್ಲಿ ಏನೂ ಇರುವುದಿಲ್ಲ, ಬರೀ ಟೊಳ್ಳು. ಕಿಟಕಿಗಳೂ ಹೊರಗಿನಿಂದ ಬಳಿದ ಬಣ್ಣ ಮಾತ್ರ. ಆ ಟೊಳ್ಳಿನಲ್ಲಿ, ಹಿಂದುಗಡೆ ಬಲಕ್ಕೆ, ಅವನು ಬಣ್ಣದ ಕಿಟಕಿಯನ್ನು ನಿಜಕ್ಕೂ ಕೊರೆದು ಒಂದು ಪ್ಯಾಂಟ್ರಿ ಕಟ್ಟತೊಡಗಿದ.

"ಕಟ್ಟೆ ಎಷ್ಟು ಎತ್ತರ ಅತ್ತೆ?"

"ನನ್ನ ಸೊಂಟಕ್ಕೆ. ಈಗಿನ ಸೊಂಟಕ್ಕಲ್ಲ, ಆಗಿನ ಸೊಂಟಕ್ಕೆ."

"ಕಾಫಿ ಡ್ರಮ್ಮು?"

"ಎಡಗಡೆ. ಅದಕ್ಕೊಂದು ನೆಗ್ಗು ಹಾಕು. ನೆಗ್ಗು ಇಲ್ಲದಿದ್ರೆ ನಾನು ಒಪ್ಪಲ್ಲ."

(ಪಟ್ಟಿಯ ಬಣ್ಣ? ಅದು ಹಸಿರೇ ಎಂದು ಅವಳು ಈಗಲೂ ವಾದಿಸುತ್ತಾಳೆ. ನೀಲಿಯೇ ಇದೆ. ಈ ವಿಷಯದಲ್ಲಿ ಇಬ್ಬರೂ ಸೋತಿಲ್ಲ.)

ಪ್ಯಾಂಟ್ರಿ ಮುಗಿದ ಭಾನುವಾರ ಊಟವಾದ ಮೇಲೆ ಅತ್ತೆ ತಾನಾಗಿ ಬಂದಳು. ತಲೆ ಬಾಚಿ ಎತ್ತಿ ಕಟ್ಟಿದ್ದಳು. ಕುರ್ಚಿಯಲ್ಲಿ ಕೂತು ಹಲ್ಲಿನವನ ಕಡೆ ತಿರುಗಿ ಬಾಯಿ ಅಗಲಿಸಿದಳು. ಓರೆ ಹಲ್ಲು ಇದ್ದ ಜಾಗದಲ್ಲಿಯೇ ಇತ್ತು. ಖಾಲಿ ಲೋಟವನ್ನು ಹೆಂಡತಿ ಅಡುಗೆಮನೆಯಿಂದ ಎತ್ತಿ ತೋರಿಸಿದಳು.

ವಿಮಾನ ಹಾರಿಸುವವನು ಮೂಗಣ್ಣ, ಅವನ ಮನೆಯಿಂದ. ಹಲ್ಲಿನವನು ಅತ್ತೆಯ ಜೊತೆ ಪ್ಯಾಂಟ್ರಿಯಲ್ಲಿ. ಪರದೆಯ ತುಂಬ ಕಟ್ಟೆ, ನೆಗ್ಗಿದ ಡ್ರಮ್ಮು, ತಟ್ಟೆಗಳ ಸ್ಟ್ಯಾಂಡು. ಜೆಟ್ಟು ಓಡಿತು, ಎದ್ದಿತು. ಅತ್ತೆ ಮೇಜಿನ ಅಂಚು ಹಿಡಿದುಕೊಂಡಳು, ಸ್ಟ್ಯಾಂಡಿನ ಚಿಲಕವನ್ನೇ ನೋಡುತ್ತಿದ್ದಳು. ಮೋಡ ದಾಟಿದೆವು ಎಂದು ಸ್ಪೀಕರಿನಲ್ಲಿ ಮೂಗಣ್ಣ ಹೇಳಿದ.

"ತಟ್ಟೆ ತೆಗಿ" ಎಂದಳು ಅತ್ತೆ.

ಹಲ್ಲಿನವನು ಒಂದು ಗುಂಡಿ ಒತ್ತಿದ. ಸ್ಟ್ಯಾಂಡು ಮಾಯವಾಯಿತು. ಕಿಟಕಿಯಿಂದ ಬಂದ ಬೆಳಕು ಕೋಣೆಯಲ್ಲಿ ಕೂತಿದ್ದ ಅತ್ತೆಯ ಮುಖದ ಮೇಲೆ ಬಿತ್ತು. ಅವಳು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು.

ಇಷ್ಟು ಹೊತ್ತು ಮಾತಿಗೆ ಮುಂಚೆ ಮೂಗು ತೂರಿಸಿದ ನಾನು ಈಗ ಸುಮ್ಮನಿರುತ್ತೇನೆಯೇ? ಪೆನ್ನು ತೆಗೆದುಕೊಂಡು ಬರೆದೆ: 'ಕೆಳಗೆ ಮೋಡಗಳು ಹತ್ತಿ ಹಾಸಿದಂತೆ...'

ಅತ್ತೆ ತಿರುಗದೆ ಕೈ ಎತ್ತಿದಳು. "ಬರೀಬೇಡ. ನೋಡದೆ ಹೇಳಿ ನಾನೊಬ್ಬಳು ಕೆಟ್ಟಿದ್ದು ಸಾಕು."

"ಹತ್ತಿ ಥರ ಇಲ್ವಾ ಅಮ್ಮ?"

"ಇಲ್ಲ."

"ಮತ್ತೆ ಹೇಗಿದೆ?"

ಅವಳು ಹಣೆಯನ್ನು ಪರದೆಗೆ ಇನ್ನಷ್ಟು ಹತ್ತಿರ ತಂದಳು.

ವಿಮಾನದ ನೆರಳು ಬಿದ್ದಿದೆಯೇ? ಅದರ ಸುತ್ತ ಬಳೆ ಇದೆಯೇ? ಇದನ್ನು ತಿಳಿಸದೆ ಕಥೆ ಮುಗಿಸಿದರೆ ನೀವು ನನ್ನನ್ನು ಬಿಡುವುದಿಲ್ಲ. ಹಲ್ಲಿನವನ ಕಿವಿಯಲ್ಲಿ ಮೆಲ್ಲಗೆ ಕೇಳಿದೆ. ಗುಟ್ಟಾಗಿ ನೀನೇ ಏನಾದರೂ ಬಳಿದಿಟ್ಟಿದ್ದೀಯಾ, ಕಾಣುತ್ತಿದೆಯಾ, ಓದುವವರಿಗೆ ಏನೆಂದು ಹೇಳಲಿ?

"ನಂಗೊತ್ತಿಲ್ಲ ಸಾರ್" ಎಂದ. "ನಾನು ಅತ್ತೆ ಮುಖ ನೋಡ್ತಿದ್ದೆ."

ಅವಳ ಹೆಗಲ ಮೇಲಿಂದ ಬಗ್ಗಿ ನಾನೇ ನೋಡಿಬಿಡಬಹುದು. ಆದರೆ ಹಾಗೆ ಬಗ್ಗಬಾರದು ಎಂದು ರೂಲ್ಸಿದೆ. ನನ್ನದು ಎಂದಿನಂತೆ ನಡುದಾರಿಯ ಪಕ್ಕದ ಸೀಟು, ಈ ಸಲ ಕಣ್ಣು ಮಾತ್ರ ಬಿಟ್ಟುಕೊಂಡಿದ್ದೇನೆ.

"ಇಳಿಸ್ಲಾ ಅಮ್ಮಾ?" ಎಂದು ಮೂಗಣ್ಣ ಕೇಳಿದ.

"ತಡಿಯಪ್ಪ" ಎಂದಳು ಅತ್ತೆ.

ಮೂಗಣ್ಣ ಇನ್ನೊಂದು ಸುತ್ತು ಹೊಡೆಯುತ್ತಿದ್ದಾನೆ.